ಶಿಬಿರಕ್ಕೆ ಹೊರಟ ಮಗು, ಚೀಲದಲ್ಲಿ ಇನ್ಸುಲಿನ್

ಬೇಸಿಗೆ ಶಿಬಿರದ ಅರ್ಜಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆ ಇರುತ್ತದೆ: ಮಗುವಿಗೆ ಏನಾದರೂ ಕಾಯಿಲೆ ಇದೆಯೇ? ಉತ್ತರ ಬರೆಯಲು ಬಿಟ್ಟ ಜಾಗ ಅರ್ಧ ಸಾಲು. ಟೈಪ್-1 ಮಧುಮೇಹ ಇರುವ ಮಗುವಿನ ಅಪ್ಪ ಅಮ್ಮನ ಪೆನ್ನು ನಿಲ್ಲುವುದು ಅಲ್ಲೇ. ಬರೆದರೆ "ಬೇಡಮ್ಮ, ಅಷ್ಟೊಂದು ಜವಾಬ್ದಾರಿ ನಮ್ಮಿಂದ ಆಗೋದಿಲ್ಲ" ಎಂದುಬಿಟ್ಟಾರು ಎಂಬ ಭಯ. ಬರೆಯದೆ ಬಿಟ್ಟರೆ ಮಗು ನಾಲ್ಕಾರು ರಾತ್ರಿ ಗೊತ್ತಿಲ್ಲದವರ ನಡುವೆ ತನ್ನ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಕಳೆಯಬೇಕು. ಹೆಚ್ಚಿನ ಮನೆಗಳಲ್ಲಿ ಇವೆರಡೂ ಬೇಡವೆಂದು ಮೂರನೆಯ ದಾರಿ ಹಿಡಿಯುತ್ತಾರೆ, ಮಗುವನ್ನು ಕಳಿಸುವುದೇ ಇಲ್ಲ.

ಕಳಿಸಬಹುದು. ಆದರೆ ಅದಕ್ಕೆ ಮೂರು ನಾಲ್ಕು ವಾರದ ತಯಾರಿ ಬೇಕು, ಮತ್ತು ಆ ತಯಾರಿಯಲ್ಲಿ ಇಂಜೆಕ್ಷನ್ ಚುಚ್ಚುವುದು ಎಲ್ಲಕ್ಕಿಂತ ಸುಲಭದ ಭಾಗ. ಊಟದ ಹೊತ್ತು, ಓಡಾಟ, ಬಿಸಿಲು, ರಾತ್ರಿ: ಕಷ್ಟವೆಲ್ಲ ಈ ನಾಲ್ಕರಲ್ಲಿದೆ.

ಇದನ್ನು ಒಂದು ಜಾಗದಿಂದ ಹೊರಟು ನೋಡೋಣ. ಹೈದರಾಬಾದಿನ ಉತ್ತರದಂಚಿನ ಜೀಡಿಮೆಟ್ಲಾ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ಪ್ರದೇಶ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ದುಡಿಯಲು ಬಂದ ಕನ್ನಡ ಕುಟುಂಬಗಳು ಇಂಥ ಕೈಗಾರಿಕಾ ಬಡಾವಣೆಗಳ ಸುತ್ತ ನೆಲೆಸಿವೆ. ಇಲ್ಲಿಂದ ಮಕ್ಕಳು ಶಿಬಿರಕ್ಕೆ ಹೋಗುವ ದಿಕ್ಕು ಹಲವು. ಹತ್ತಿರದಲ್ಲಿ ವಿಕಾರಾಬಾದಿನ ಅನಂತಗಿರಿ ಬೆಟ್ಟ, ಕೊಂಚ ದೂರದಲ್ಲಿ ಬೀದರ್. ಕಾಚಿಗುಡದಲ್ಲಿ ರಾತ್ರಿ ರೈಲು ಹತ್ತಿದರೆ ಬೆಂಗಳೂರು, ಮೈಸೂರು. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗಾದರೆ ದಾವಣಗೆರೆ ಜಿಲ್ಲೆಯ ಕೊಂಡಜ್ಜಿ. ದಾರಿ ಯಾವುದಾದರೂ ಇನ್ಸುಲಿನ್ ಪ್ರಯಾಣ ಮಾಡುವುದು ದಖ್ಖನಿನ ಏಪ್ರಿಲ್-ಮೇ ಬಿಸಿಲಿನಲ್ಲಿ.

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2.29 ಲಕ್ಷ ಮಂದಿಗೆ ಟೈಪ್-1 ಮಧುಮೇಹವಿದೆ. ಆ ಲೆಕ್ಕದಲ್ಲಿ ಜಗತ್ತಿನ ಬೇರಾವ ದೇಶದಲ್ಲೂ ಟೈಪ್-1 ಇರುವ ಇಷ್ಟು ಮಕ್ಕಳಿಲ್ಲ. ಇದು ಸಿಹಿ ತಿಂದು ಬಂದದ್ದಲ್ಲ, ಅಜ್ಜ ಅಜ್ಜಿಗೆ ಬರುವ ಸಕ್ಕರೆ ಕಾಯಿಲೆಯೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುವುದರಿಂದ ಬರುತ್ತದೆ. ಮಾತ್ರೆ ಇದಕ್ಕೆ ಸಾಲದು. ದಿನಕ್ಕೆ ಎರಡರಿಂದ ನಾಲ್ಕು, ಕೆಲವೊಮ್ಮೆ ಐದು ಇಂಜೆಕ್ಷನ್ ಬೇಕೇ ಬೇಕು, ಹಬ್ಬವಿರಲಿ, ಪರೀಕ್ಷೆ ಇರಲಿ.

ಇಂಥ ಮಕ್ಕಳನ್ನು ಶಿಬಿರಕ್ಕೆ ಕರೆದೊಯ್ಯುವ ಯೋಚನೆಯೂ ಹೊಸದಲ್ಲ. ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದರ ಮೊದಲ ಚುಚ್ಚುಮದ್ದು ಸಿಕ್ಕಿತು. ಅಲ್ಲಿಂದ ಮೂರೇ ವರ್ಷಕ್ಕೆ, 1925ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ ಲಿಯೊನಾರ್ಡ್ ವೆಂಟ್ ಎಂಬ ವೈದ್ಯರು ಮಧುಮೇಹದ ಮಕ್ಕಳಿಗಾಗಿಯೇ ಶಿಬಿರ ನಡೆಸಿದರು. ಆಗ ಗ್ಲುಕೋಮೀಟರ್ ಇರಲಿಲ್ಲ, ಇನ್ಸುಲಿನ್ ಪೆನ್ ಇರಲಿಲ್ಲ. ಗಾಜಿನ ಸಿರಿಂಜನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದ ಕಾಲ ಅದು. ಆ ದಿನಗಳಲ್ಲೇ ಸಾಧ್ಯವಾದದ್ದನ್ನು ಇಂದು ಅಸಾಧ್ಯ ಎಂದು ಒಪ್ಪಿಕೊಳ್ಳಲು ಕಾರಣವಿಲ್ಲ.

ಕೇಳುವ ಹಕ್ಕು

ಶಿಬಿರದವರ ಜೊತೆ ಮಾತು ಶುಲ್ಕ ಕಟ್ಟುವ ಮೊದಲೇ ಆಗಬೇಕು. ಅದೂ ಫೋನಿನಲ್ಲಿ ಅಲ್ಲ, ಎದುರಿಗೆ ಕೂತು, ಇನ್ಸುಲಿನ್ ಪೆನ್ನನ್ನೂ ಗ್ಲುಕೋಮೀಟರನ್ನೂ ಮೇಜಿನ ಮೇಲಿಟ್ಟು. ಹೆಚ್ಚಿನ ಸಂಘಟಕರು ಹಿಂಜರಿಯುವುದು ಕ್ರೌರ್ಯದಿಂದಲ್ಲ, ನೋಡಿಲ್ಲದ ವಸ್ತುವಿನ ಭಯದಿಂದ. ನಾಲ್ಕು ಮಿಲಿಮೀಟರ್ ಉದ್ದದ ಪೆನ್ ಸೂಜಿಯನ್ನು ಕಣ್ಣಾರೆ ಕಂಡಾಗ ಅರ್ಧ ಭಯ ಹೋಗುತ್ತದೆ.

ಜೊತೆಗೆ ಕೆಲವು ಆಧಾರಗಳೂ ಇವೆ. ಸಿಬಿಎಸ್‌ಇ ಮಂಡಳಿ 2017ರಲ್ಲೇ ಟೈಪ್-1 ಮಧುಮೇಹದ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದು ಎಂದು ಸುತ್ತೋಲೆ ಹೊರಡಿಸಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ತರಗತಿಯಲ್ಲೂ ಈ ಮಕ್ಕಳು ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ಏನಾದರೂ ತಿನ್ನಲು ಅವಕಾಶ ಇರಬೇಕೆಂದಿತು. ಉತ್ತರ ಪ್ರದೇಶ ಸರ್ಕಾರ ಅದೇ ವರ್ಷ ಶಾಲೆಗಳಿಗೆ ಆದೇಶವನ್ನೂ ಕಳಿಸಿತು. ಕೇರಳದಲ್ಲಿ ಸಾಮಾಜಿಕ ಸುರಕ್ಷಾ ಮಿಷನ್ 'ಮಿಠಾಯಿ' ಎಂಬ ಯೋಜನೆಯನ್ನೇ ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳೂ ಅದರಡಿ ಇನ್ಸುಲಿನ್ ಮತ್ತು ಸಲಕರಣೆಗಳ ನೆರವಿಗೆ ಅರ್ಜಿ ಹಾಕಬಹುದು. ಇವೆಲ್ಲ ಶಾಲೆಯ ಮಾತು, ಖಾಸಗಿ ಶಿಬಿರವನ್ನು ನೇರವಾಗಿ ಕಟ್ಟಿಹಾಕುವ ನಿಯಮಗಳಲ್ಲ. ಆದರೂ ಆಯೋಗದ ಪತ್ರದ ಪ್ರತಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಶಾಲೆಯೇ ಶಿಬಿರ ಏರ್ಪಡಿಸಿದ್ದರಂತೂ ಅದನ್ನು ತೋರಿಸಲೇಬೇಕು.

ಸಂಘಟಕರನ್ನು ಕೇಳಬೇಕಾದ್ದು ಬಹಳ ಇಲ್ಲ. ರಾತ್ರಿ ಮಕ್ಕಳ ಕೋಣೆಯ ಪಕ್ಕದಲ್ಲಿ ಯಾರು ಮಲಗುತ್ತಾರೆ? ಫ್ರಿಜ್ ಇದೆಯೇ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ? ಹತ್ತಿರದ ಆಸ್ಪತ್ರೆಗೆ ಎಷ್ಟು ನಿಮಿಷ, ರಾತ್ರಿ ಹೊತ್ತು ಶಿಬಿರದಲ್ಲಿ ವಾಹನ ನಿಂತಿರುತ್ತದೆಯೇ? ಮೊಬೈಲ್ ಸಿಗ್ನಲ್ ಸಿಗುವ ಜಾಗ ಯಾವುದು? ಮಗುವಿನ ಹೊಣೆ ಹೊರುವ ಒಬ್ಬರ ಹೆಸರು ಏನು, ಅವರಿಲ್ಲದಾಗ ಇನ್ನೊಬ್ಬರು ಯಾರು? "ನಾವೆಲ್ಲ ನೋಡ್ಕೋತೀವಿ" ಎಂಬ ಉತ್ತರಕ್ಕೆ ಒಪ್ಪಬಾರದು. ಎಲ್ಲರೂ ನೋಡಿಕೊಳ್ಳುವ ಮಗುವನ್ನು ರಾತ್ರಿ ಎರಡು ಗಂಟೆಗೆ ಯಾರೂ ಎಬ್ಬಿಸುವುದಿಲ್ಲ.

ಒಂದು ಹಾಳೆ, ಎರಡು ಭಾಷೆ

ವೈದ್ಯರ ಫೈಲನ್ನು ಶಿಬಿರಕ್ಕೆ ಕಳಿಸಿ ಪ್ರಯೋಜನವಿಲ್ಲ, ಯಾರೂ ಓದುವುದಿಲ್ಲ. ಬೇಕಾದದ್ದು ಒಂದೇ ಹಾಳೆ. ಯಾವ ಹೊತ್ತಿಗೆ ಯಾವ ಇನ್ಸುಲಿನ್ ಎಷ್ಟು ಯೂನಿಟ್, ಯಾವಾಗ ಸಕ್ಕರೆ ಪರೀಕ್ಷೆ, ಸಂಖ್ಯೆ ಎಷ್ಟಕ್ಕಿಂತ ಕೆಳಗಿದ್ದರೆ ಏನು, ಎಷ್ಟಕ್ಕಿಂತ ಮೇಲಿದ್ದರೆ ಏನು, ಯಾರಿಗೆ ಫೋನು. ಇದನ್ನು ಮಗುವಿನ ವೈದ್ಯರೇ ನೋಡಿ ಸಹಿ ಮಾಡಬೇಕು. ಹೈದರಾಬಾದಿನ ನಿಲೋಫರ್ ಮಕ್ಕಳ ಆಸ್ಪತ್ರೆಯಲ್ಲಿ ತೋರಿಸುವವರಿರಲಿ, ಬೆಂಗಳೂರಿನ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಗೆ ಹೋಗುವವರಿರಲಿ, ಶಿಬಿರಕ್ಕೆ ಎರಡು ವಾರ ಮೊದಲು ಇದಕ್ಕೆಂದೇ ಒಂದು ಭೇಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಜೀಡಿಮೆಟ್ಲಾದ ಕನ್ನಡ ಮನೆಗಳಿಗೆ ಇನ್ನೊಂದು ಕೆಲಸವಿದೆ. ಅನಂತಗಿರಿಯ ಶಿಬಿರದಲ್ಲಿ ಅಡುಗೆಯವರು, ಕಾವಲುಗಾರರು ತೆಲುಗಿನವರು, ಕೊಂಡಜ್ಜಿಯಲ್ಲಿ ಕನ್ನಡದವರು. ಹಾಳೆ ಇಂಗ್ಲಿಷಿನಲ್ಲಿದ್ದರೆ ವೈದ್ಯರಿಗೆ ಅನುಕೂಲ. ಆದರೆ ಮಧ್ಯರಾತ್ರಿ ಮಗುವಿನ ಬಳಿ ಇರುವವರು ವೈದ್ಯರಲ್ಲ. ಹಾಗಾಗಿ ಹಾಳೆಯ ಹಿಂಬದಿಯಲ್ಲಿ ಆ ಜಾಗದ ಭಾಷೆಯಲ್ಲಿ ದೊಡ್ಡ ಅಕ್ಷರದ ಐದಾರು ಸಾಲು ಇರಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮಾತಾಡುವ ಮಗುವಿಗೆ "ನಾಕು ಷುಗರ್ ತಗ್ಗಿಂದಿ" ಎಂಬ ತೆಲುಗು ಮಾತನ್ನು ಬಾಯಿಪಾಠ ಮಾಡಿಸಬೇಕು. ಸಕ್ಕರೆ ಕುಸಿದಾಗ ಮೊದಲು ಮಂಕಾಗುವುದು ಮೆದುಳು. ಅಂಥ ಹೊತ್ತಿನಲ್ಲಿ ಮಗು ಪದ ಹುಡುಕುತ್ತಾ ಕೂರುವಂತಾಗಬಾರದು.

ತಟ್ಟೆ ಕಂಡ ಮೇಲೆ ಸೂಜಿ

ಮನೆಯಲ್ಲಿ ಅಮ್ಮ ಇನ್ಸುಲಿನ್ ಕೊಟ್ಟು, ಲೆಕ್ಕಕ್ಕೆ ಸರಿಯಾಗಿ ಅರ್ಧ ಗಂಟೆಗೆ ರೊಟ್ಟಿ ಪಲ್ಯ ಬಡಿಸುತ್ತಾಳೆ. ಶಿಬಿರದಲ್ಲಿ ಒಂದೂವರೆಗೆ ಎಂದ ಊಟ ಎರಡೂಕಾಲಿಗೆ ಬರುತ್ತದೆ. ಗ್ಯಾಸ್ ಮುಗಿದಿರುತ್ತದೆ, ಮುಖ್ಯ ಅತಿಥಿಯ ಭಾಷಣ ಉದ್ದವಾಗಿರುತ್ತದೆ, ಕೈ ತೊಳೆಯುವ ಸಾಲು ಕರಗಿರುವುದಿಲ್ಲ. ಬೇರೆ ಮಕ್ಕಳಿಗೆ ಅದು ಬರೀ ಹಸಿವು. ಇನ್ಸುಲಿನ್ ತೆಗೆದುಕೊಂಡ ಮಗುವಿಗೆ ಅಪಾಯ.

ಎಷ್ಟು ಅಪಾಯ ಎಂಬುದು ಯಾವ ಇನ್ಸುಲಿನ್ ಎಂಬುದರ ಮೇಲೆ ನಿಂತಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಸಿಗುವ ರೆಗ್ಯುಲರ್ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಬೇಕು. ಅಂದರೆ ಊಟ ತಡವಾಗುವುದು ಗೊತ್ತಾಗುವ ಹೊತ್ತಿಗೆ ಔಷಧ ಒಳಗೆ ಹೋಗಿರುತ್ತದೆ. ಲಿಸ್ಪ್ರೊ, ಆಸ್ಪಾರ್ಟ್‌ನಂಥ ವೇಗದ ಇನ್ಸುಲಿನ್‌ಗಳನ್ನು ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು, ಅಥವಾ ತಟ್ಟೆ ಎದುರಿಗೆ ಬಂದ ಮೇಲೂ ತೆಗೆದುಕೊಳ್ಳಬಹುದು. ಶಿಬಿರದ ಮಟ್ಟಿಗೆ ಇದು ಬಹು ದೊಡ್ಡ ಅನುಕೂಲ. ಬೆಲೆ ಹೆಚ್ಚಾದರೂ ಆ ಒಂದು ವಾರಕ್ಕೆ ಇದಕ್ಕೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ ನೋಡಬೇಕು. ಬದಲಾಯಿಸುವುದಾದರೆ ಮನೆಯಲ್ಲೇ ಕೆಲವು ದಿನ ಅಭ್ಯಾಸವಾಗಿರಬೇಕು. ಹೊಸ ಇನ್ಸುಲಿನ್ನಿನ ಮೊದಲ ದಿನ ಶಿಬಿರದ ಮೊದಲ ದಿನವಾಗಕೂಡದು.

ಬೆಳಿಗ್ಗೆ ಮತ್ತು ರಾತ್ರಿ ಎರಡೇ ಹೊತ್ತು ಮಿಶ್ರಣದ ಇನ್ಸುಲಿನ್, ಅಂದರೆ ಮೋಡದಂತೆ ಬೆಳ್ಳಗಿರುವ ಔಷಧ ತೆಗೆದುಕೊಳ್ಳುವ ಮಕ್ಕಳ ವಿಷಯವನ್ನು ಹಲವರು ತಪ್ಪು ತಿಳಿಯುತ್ತಾರೆ. ಮಧ್ಯಾಹ್ನ ಇಂಜೆಕ್ಷನ್ ಇಲ್ಲ, ಹಾಗಾಗಿ ಮಧ್ಯಾಹ್ನದ ಊಟ ತಡವಾದರೂ ಪರವಾಗಿಲ್ಲ ಎಂದುಕೊಳ್ಳುತ್ತಾರೆ. ವಾಸ್ತವ ಇದರ ವಿರುದ್ಧ. ಬೆಳಿಗ್ಗೆ ಕೊಟ್ಟ ಮಿಶ್ರಣದಲ್ಲಿರುವ ಎನ್‌ಪಿಎಚ್ ಇನ್ಸುಲಿನ್ನಿನ ಬಲ ಏರುವುದೇ ಮಧ್ಯಾಹ್ನದ ಹೊತ್ತಿಗೆ. ಈ ಮಕ್ಕಳಿಗೆ ಹನ್ನೊಂದು ಗಂಟೆಯ ಕುರುಕಲೂ ಹೊತ್ತಿಗೆ ಸರಿಯಾದ ಊಟವೂ ತಪ್ಪಬಾರದು. ಊಟ ತಡವಾಗುವ ಸುಳಿವು ಸಿಕ್ಕೊಡನೆ ಎರಡು ಬಾಳೆಹಣ್ಣೋ ನಾಲ್ಕಾರು ಬಿಸ್ಕತ್ತೋ ಕೈಗೆ ಬರಬೇಕು. ಯಾರನ್ನೂ ಕೇಳದೆ ತೆಗೆದು ತಿನ್ನುವ ಅನುಮತಿ ಮಗುವಿಗೆ ಮೊದಲೇ ಇರಬೇಕು. "ಸಾಲಿನಲ್ಲಿ ನಿಂತು ತಿನ್ನಬಾರದು" ಎಂಬ ಶಿಸ್ತು ಈ ಮಗುವಿಗೆ ಅನ್ವಯಿಸದು ಎಂದು ಹಾಳೆಯಲ್ಲಿ ಬರೆದಿರಲಿ.

ಓಡಾಟ ಹೆಚ್ಚು, ಇನ್ಸುಲಿನ್ ಕಡಿಮೆ

ಅಪಾರ್ಟ್‌ಮೆಂಟಿನ ಮಗು ಶಿಬಿರದಲ್ಲಿ ಬೆಳಗಿನಿಂದ ಸಂಜೆವರೆಗೆ ಓಡುತ್ತದೆ, ಹತ್ತುತ್ತದೆ, ಈಜುತ್ತದೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಮನೆಯ ಡೋಸನ್ನೇ ಅಲ್ಲೂ ಕೊಟ್ಟರೆ ಸಕ್ಕರೆ ಕುಸಿಯುವುದು ಬಹುತೇಕ ಖಚಿತ. ಅದಕ್ಕೇ ಮಧುಮೇಹದ ಮಕ್ಕಳ ಶಿಬಿರ ನಡೆಸಿ ಅನುಭವವಿರುವ ವೈದ್ಯರು ಸಾಮಾನ್ಯವಾಗಿ ಮೊದಲ ದಿನದಿಂದಲೇ ಇನ್ಸುಲಿನ್ನನ್ನು ಶೇ. 10ರಿಂದ 20ರಷ್ಟು ಇಳಿಸುತ್ತಾರೆ. ಆಮೇಲೆ ದಿನದಿನದ ಸಂಖ್ಯೆ ನೋಡಿ ತಿದ್ದುತ್ತಾರೆ. ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಆದರೆ ಆ ಪ್ರಶ್ನೆಯನ್ನು ಅಪ್ಪ ಅಮ್ಮ ತಾವಾಗಿಯೇ ಎತ್ತಬೇಕು.

ಚುಚ್ಚುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಓಡುವ ಮೊದಲು ತೊಡೆಗೆ ಚುಚ್ಚಿದರೆ ರಕ್ತಸಂಚಾರ ಹೆಚ್ಚಿ ಇನ್ಸುಲಿನ್ ಬೇಗ ಹೀರಿಕೆಯಾಗುತ್ತದೆ. ಆಟದ ದಿನ ಹೊಟ್ಟೆಯೇ ಮೇಲು.

ನಿಜವಾದ ಗಂಡಾಂತರ ಮಾತ್ರ ಆಟದ ಮೈದಾನದಲ್ಲಿ ಇಲ್ಲ, ಹಾಸಿಗೆಯಲ್ಲಿದೆ. ದಿನವಿಡೀ ದಣಿದ ಸ್ನಾಯು ಮತ್ತು ಯಕೃತ್ತು ಖಾಲಿಯಾದ ಸಕ್ಕರೆ ದಾಸ್ತಾನನ್ನು ರಾತ್ರಿ ತುಂಬಿಕೊಳ್ಳುತ್ತವೆ. ಹಾಗಾಗಿ ಸಂಜೆ ಆಡಿದ ಆಟಕ್ಕೆ ಸಕ್ಕರೆ ಕುಸಿಯುವುದು ಏಳೆಂಟು ಗಂಟೆ ಕಳೆದು, ಮಗು ಗಾಢ ನಿದ್ದೆಯಲ್ಲಿರುವಾಗ. ಮಲಗುವ ಮೊದಲು ಪರೀಕ್ಷೆ ಮಾಡಲೇಬೇಕು. ಸಂಖ್ಯೆ ಎಷ್ಟಕ್ಕಿಂತ ಕಡಿಮೆ ಇದ್ದರೆ ಹಾಲು, ಬಿಸ್ಕತ್ತು ಅಥವಾ ಶೇಂಗಾ ಉಂಡೆ ಕೊಡಬೇಕು ಎಂಬುದನ್ನು ವೈದ್ಯರು ಬರೆದುಕೊಟ್ಟಿರಬೇಕು. ಚಾರಣ, ಈಜು, ಸ್ಪರ್ಧೆ ಇದ್ದ ದಿನ ರಾತ್ರಿ ಎರಡು ಮೂರು ಗಂಟೆಯ ನಡುವೆ ಒಬ್ಬರು ಎದ್ದು ಬೆರಳು ಚುಚ್ಚಿ ನೋಡಬೇಕು. ಮಲಗಿದ ಮಗುವನ್ನು ಎಬ್ಬಿಸದೆಯೇ ಬೆರಳು ಪರೀಕ್ಷಿಸುವುದನ್ನು ಅಮ್ಮಂದಿರು ಬಲ್ಲರು. ಶಿಬಿರದ ಅಕ್ಕನಿಗೋ ಅಣ್ಣನಿಗೋ ಅದನ್ನು ಮೊದಲ ಸಂಜೆಯೇ ತೋರಿಸಿಕೊಟ್ಟು ಬರುವುದು ಉತ್ತಮ.

ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೆ ಈ ಕೆಲಸ ಹಗುರಾಗುತ್ತದೆ. ಆದರೆ ಅದರ ಮಿತಿಗಳೂ ಗೊತ್ತಿರಬೇಕು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಓಡುವಾಗ ಸಕ್ಕರೆ ಬೇಗ ಇಳಿಯುತ್ತಿದ್ದರೆ ಅದು ಕೆಲವು ನಿಮಿಷ ಹಿಂದಿನ ಸಂಖ್ಯೆ ತೋರಿಸುತ್ತದೆ. ಮಗು ಅದೇ ತೋಳಿನ ಮೇಲೆ ಒರಗಿ ಮಲಗಿದರೆ ಇಲ್ಲದ ಕುಸಿತವನ್ನೂ ತೋರಿಸೀತು. ಅನುಮಾನ ಬಂದರೆ ಬೆರಳಿನ ಪರೀಕ್ಷೆಯೇ ಪ್ರಮಾಣ. ಆ ಬೆರಳನ್ನೂ ತೊಳೆದು ಒರೆಸಿರಬೇಕು. ಮೇ ತಿಂಗಳು ಮಾವಿನ ಕಾಲ. ಹಣ್ಣು ಸುಲಿದ ಬೆರಳಿನಲ್ಲಿ ಪರೀಕ್ಷಿಸಿದರೆ ಮೀಟರು ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಹೇಳುತ್ತದೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಅನಾಹುತ.

ಎಪ್ಪತ್ತಕ್ಕಿಂತ ಕೆಳಗೆ

ಕೈ ನಡುಕ, ಬೆವರು, ಹಸಿವು, ಬಿಳಿಚಿದ ಮುಖ, ಕಾರಣವಿಲ್ಲದ ಸಿಟ್ಟು ಅಥವಾ ಅಳು, ತೊದಲು ಮಾತು: ಸಕ್ಕರೆ ಇಳಿದಿರುವುದರ ಗುರುತುಗಳಿವು. ಮೀಟರಿನಲ್ಲಿ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆ ತೋರಿಸಿದರೆ, ಮೀಟರ್ ಹತ್ತಿರವಿಲ್ಲದಿದ್ದರೆ ಗುರುತುಗಳಷ್ಟರಿಂದಲೇ, ತಡಮಾಡದೆ ಸುಮಾರು 15 ಗ್ರಾಂ ಸಕ್ಕರೆ ಕೊಡಬೇಕು. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿದರೆ ಸಾಕು. ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ, ತೂಕದ ಪ್ರತಿ ಕಿಲೋಗೆ 0.3 ಗ್ರಾಂ ಲೆಕ್ಕ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೊಮ್ಮೆ ಅಷ್ಟೇ. ಏರಿದ ಮೇಲೆ ಊಟಕ್ಕೆ ಹೊತ್ತಿದ್ದರೆ ಬಿಸ್ಕತ್ತೋ ಬಾಳೆಹಣ್ಣೋ.

ಚಾಕೊಲೇಟ್, ಚಿಕ್ಕಿ, ಬರ್ಫಿ ಈ ಮೊದಲ ಚಿಕಿತ್ಸೆಗೆ ಬಾರವು. ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಡಯಟ್ ಪಾನೀಯಗಳಲ್ಲಿ ಸಕ್ಕರೆಯೇ ಇರುವುದಿಲ್ಲ. ಅದು ಗೊತ್ತಿಲ್ಲದೆ "ಷುಗರ್ ಪೇಷಂಟ್" ಎಂದು ಡಯಟ್ ಬಾಟಲಿಯನ್ನೇ ತಂದುಕೊಡುವವರುಂಟು. ಗ್ಲುಕೋಸ್ ಪುಡಿಯ ಸಣ್ಣ ಪೊಟ್ಟಣಗಳು ಮಗುವಿನ ಜೇಬಿನಲ್ಲಿ, ಗುಂಪಿನ ಮುಖ್ಯಸ್ಥರ ಚೀಲದಲ್ಲಿ, ಹಾಸಿಗೆಯ ತಲೆದೆಸೆಯಲ್ಲಿ, ಬಸ್ಸಿನಲ್ಲಿ ಎಲ್ಲೆಡೆ ಇರಬೇಕು. ಕೋಣೆಯಲ್ಲಿ ಬಿಟ್ಟುಬಂದ ಪೊಟ್ಟಣ ಬೆಟ್ಟದ ಮೇಲೆ ಕೆಲಸಕ್ಕೆ ಬಾರದು.

ಮಗುವಿಗೆ ಎಚ್ಚರ ತಪ್ಪಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ನೀರನ್ನೂ ಸಹ. ಅದು ಶ್ವಾಸಕೋಶಕ್ಕೆ ಹೋಗಬಹುದು. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನು ಮಾಡಿ, ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಕೊಡಬೇಕು. 25 ಕಿಲೋಗಿಂತ ಹಗುರ ಇರುವ ಮಗುವಿಗೆ ಅರ್ಧ ಮಿಲಿಗ್ರಾಂ, ಹೆಚ್ಚಿದ್ದರೆ ಒಂದು ಮಿಲಿಗ್ರಾಂ ಎಂಬುದು ರೂಢಿಯ ಪ್ರಮಾಣ. ಗ್ಲುಕಗಾನ್ ನಮ್ಮಲ್ಲಿ ಎಲ್ಲ ಔಷಧ ಅಂಗಡಿಯಲ್ಲೂ ಸಿಗುವುದಿಲ್ಲ, ವಾರಗಟ್ಟಲೆ ಮೊದಲೇ ಹುಡುಕಿಡಬೇಕು. ಸಕ್ಕರೆ ಕುಸಿದು ಎಚ್ಚರ ತಪ್ಪಿದ ಹೊತ್ತಿನಲ್ಲಿ ಇನ್ಸುಲಿನ್ ಕೊಡುವುದು ಪ್ರಾಣಕ್ಕೇ ಎರವು. "ಷುಗರ್ ಕಾಯಿಲೆ, ಪ್ರಜ್ಞೆ ಇಲ್ಲ, ಇನ್ಸುಲಿನ್ ಕೊಡೋಣ" ಎಂದು ಹೊರಡುವ ಕೈಯನ್ನು ತಡೆಯಲು ಹಾಳೆಯಲ್ಲಿ ಈ ಒಂದು ಸಾಲನ್ನು ಕೆಂಪು ಅಕ್ಷರದಲ್ಲಿ ಬರೆಯುವುದು ಲೇಸು.

ಬಿಸಿಲು ಮತ್ತು ಮಡಕೆ

ತೆರೆಯದ ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಳಕೆಯಲ್ಲಿರುವ ಪೆನ್ ಅಥವಾ ಸೀಸೆ 25ರಿಂದ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಬಾಳುತ್ತದೆ. ಹೈದರಾಬಾದಿನ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಬಸ್ಸಿನ ಒಳಗೆ ಅದಕ್ಕಿಂತಲೂ ಹೆಚ್ಚು. ಇನ್ಸುಲಿನ್ ಚೀಲ ಡಿಕ್ಕಿಗೆ ಹೋಗಬಾರದು, ರೈಲಿನಲ್ಲಿ ಕಿಟಕಿಯ ಬದಿ ಇಡಬಾರದು. ವಿಮಾನದಲ್ಲಾದರೆ ಕೈಚೀಲದಲ್ಲೇ ಇರಬೇಕು.

ಫ್ರಿಜ್ ಇಲ್ಲದ ಶಿಬಿರಕ್ಕೆ ಹಳೆಯ ಮಡಕೆಯ ಉಪಾಯ ಇಂದಿಗೂ ಚೆನ್ನಾಗಿ ನಡೆಯುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಒಳಗಿನ ಮಡಕೆಯಲ್ಲಿ ನೀರು ಸೋಕದ ಡಬ್ಬಿಯಲ್ಲಿ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ. ಇದು ತಂಪಾಗುವುದು ನೀರು ಆವಿಯಾಗುವುದರಿಂದ. ಹಾಗಾಗಿ ಜೀಡಿಮೆಟ್ಲಾ, ಬೀದರ್, ಕಲಬುರಗಿಯ ಒಣ ಬೇಸಿಗೆಯಲ್ಲಿ ಹೇಳಿ ಮಾಡಿಸಿದಂತಿದೆ. ಅದೇ ಮಡಕೆಯನ್ನು ಕಾಸರಗೋಡು, ಮಂಗಳೂರಿನ ತೇವದ ಹವೆಯಲ್ಲಿ ನಂಬಿದರೆ ತಂಪು ಸಾಲದು. ಅಲ್ಲಿ ಫ್ರಿಜ್ ಅಥವಾ ಐಸ್ ಇಟ್ಟ ಥರ್ಮೋಫ್ಲಾಸ್ಕ್ ಬೇಕು. ನೀರಿನಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲಗಳು ಕೆಲಸ ಮಾಡುವುದೂ ಮಡಕೆಯ ತತ್ವದಲ್ಲೇ, ಅವುಗಳಿಗೂ ಗಾಳಿ ಆಡುವ ಜಾಗ ಬೇಕು. ಪ್ಲಾಸ್ಟಿಕ್ ಚೀಲದೊಳಗೆ ತುರುಕಿದರೆ ಪ್ರಯೋಜನವಿಲ್ಲ.

ಐಸ್ ಬಳಸುವಾಗ ಇನ್ನೊಂದು ಎಚ್ಚರ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಟ್ಟದ್ದೇ, ಎಸೆಯಬೇಕು. ಸೀಸೆ ನೇರವಾಗಿ ಐಸಿಗೆ ತಾಗದಂತೆ ಬಟ್ಟೆ ಸುತ್ತಬೇಕು, ಫ್ರಿಜ್ಜಿನಲ್ಲಾದರೆ ಫ್ರೀಜರಿನ ಪಕ್ಕಕ್ಕಿಂತ ಬಾಗಿಲಿನ ಅರೆ ಒಳ್ಳೆಯದು. ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾಗಿದ್ದರೆ, ಮೋಡದಂಥದ್ದು ಉರುಳಿಸಿದ ಮೇಲೂ ಗಂಟುಗಂಟಾಗಿ ಉಳಿದರೆ ಅದನ್ನು ಬಳಸಕೂಡದು.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಭಾರತದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ, ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಆಸ್ಪತ್ರೆಯಲ್ಲಿ ಕೊಡುವ ಸೀಸೆ ಹೆಚ್ಚಾಗಿ 40ರದ್ದು, ಪೆನ್ನಿನ ಕಾರ್ಟ್ರಿಜ್ 100ರದ್ದು. ಸಿರಿಂಜುಗಳೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಶಿಬಿರದಲ್ಲಿ ಪೆನ್ ಕೆಟ್ಟಿತು, ಸಿರಿಂಜ್ ಮುರಿಯಿತು ಎಂದು ಯಾರೋ ಹತ್ತಿರದ ಊರಿಂದ ಒಂದು ಸಿರಿಂಜ್ ತಂದರು ಎನ್ನಿ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗುರುತಿಗೆ ಎಳೆದರೆ ಮಗುವಿಗೆ ಹೋಗುವುದು 25 ಯೂನಿಟ್. 40ರದ್ದನ್ನು ಕಿತ್ತಳೆಯಲ್ಲಿ ಎಳೆದರೆ ಹೋಗುವುದು ಬರೀ 4. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ.

ಆದ್ದರಿಂದ ಸಾಮಾನು ಕಟ್ಟುವಾಗ ಎಲ್ಲವೂ ಬೇಕಾದ್ದಕ್ಕಿಂತ ಎರಡರಷ್ಟು ಇರಲಿ: ಇನ್ಸುಲಿನ್, ಪೆನ್, ಸೂಜಿ, ಸ್ಟ್ರಿಪ್, ಮೀಟರಿನ ಬ್ಯಾಟರಿ. ಅರ್ಧ ಮಗುವಿನ ಬಳಿ, ಅರ್ಧ ಹೊಣೆ ಹೊತ್ತವರ ಬಳಿ. ಬಳಸಿದ ಸೂಜಿ ಹಾಕಲು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದು ಬೇಕು, ಮನೆಯ ಶಾಂಪೂ ಬಾಟಲಿಯೂ ಆದೀತು. ಅದನ್ನು ಶಿಬಿರದ ಕಸದ ಬುಟ್ಟಿಗೆ ಹಾಕದೆ ವಾಪಸು ತಂದು ಆಸ್ಪತ್ರೆಗೆ ಒಪ್ಪಿಸಬೇಕು. ಕಸ ಆರಿಸುವವರ ಬೆರಳಿಗೂ ಚರ್ಮವೇ ಇರುವುದು. ಶಿಬಿರದಲ್ಲಿ ಇನ್ನೊಂದು ಮಗುವಿಗೂ ಮಧುಮೇಹವಿದ್ದರೆ ಪೆನ್ನನ್ನಾಗಲಿ, ಬೆರಳು ಚುಚ್ಚುವ ಸಾಧನವನ್ನಾಗಲಿ, ಸೂಜಿ ಬದಲಾಯಿಸಿ ಕೂಡ, ಹಂಚಿಕೊಳ್ಳಬಾರದು. ಹೆಪಟೈಟಿಸ್ ಬಿ ಹಾಗೆ ಹರಡುತ್ತದೆ.

ಯಾರ ಕೈ

ಹತ್ತು ಹನ್ನೆರಡು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವೇ ಚುಚ್ಚಿಕೊಳ್ಳಬಲ್ಲರು. ಸೂಜಿ ಕೂರಿಸುವುದು, ಎರಡು ಯೂನಿಟ್ ಹೊರಗೆ ಚಿಮ್ಮಿಸಿ ನೋಡುವುದು, ಚುಚ್ಚಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ತೆಗೆಯದಿರುವುದು ಅವರಿಗೆ ಬರುತ್ತದೆ. ಎಷ್ಟು ಯೂನಿಟ್ ಎಂಬ ನಿರ್ಧಾರ ಬೇರೆ ವಿಷಯ. ಕುಣಿದು ಬಂದ ಮಗು ತನಗೆ ತಾನೇ ಲೆಕ್ಕ ಹಾಕಿಕೊಳ್ಳಲಿ ಎಂದು ಬಿಡುವುದು ಅನ್ಯಾಯ. ಪೆನ್ನಿನ ಸಂಖ್ಯೆಯನ್ನು ಹಿರಿಯರೊಬ್ಬರು ಕಣ್ಣಿಂದ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಚುಚ್ಚುವುದು ಎಂಬ ಒಂದು ನಿಯಮ ಇದ್ದರೆ ಎರಡು ಸಲ ಕೊಟ್ಟುಬಿಡುವ, ಮರೆತೇಹೋಗುವ ತಪ್ಪುಗಳು ನಿಲ್ಲುತ್ತವೆ. ಚುಚ್ಚಿಕೊಳ್ಳಲು ಬಾರದ ಚಿಕ್ಕ ಮಗುವಾದರೆ ಅಪ್ಪ ಅಥವಾ ಅಮ್ಮ ಶಿಬಿರದ ಹತ್ತಿರದಲ್ಲೇ ಉಳಿಯುವುದು, ಇಲ್ಲವೇ ಹತ್ತಿರದ ನರ್ಸ್ ಒಬ್ಬರನ್ನು ಗೊತ್ತುಮಾಡುವುದು. ಬೇರೆ ದಾರಿ ಇಲ್ಲ.

ಮಕ್ಕಳು ಸೂಜಿಗಿಂತ ಹೆಚ್ಚು ಹೆದರುವುದು ಗೆಳೆಯರ ನೋಟಕ್ಕೆ. ಶೌಚಾಲಯದಲ್ಲಿ ಅಡಗಿ ಚುಚ್ಚಿಕೊಳ್ಳುವ ಮಗು ಒಂದು ದಿನ ಚುಚ್ಚಿಕೊಳ್ಳದೆಯೂ ಇರುತ್ತದೆ. ಅದಕ್ಕೇ ಮೊದಲ ದಿನದ ಪರಿಚಯದ ಹೊತ್ತಿನಲ್ಲೇ, ಮಗು ಒಪ್ಪಿದರೆ, ಎಲ್ಲರ ಎದುರು ಮೀಟರು ತೋರಿಸಿ ಹೇಳಿಬಿಡುವುದು ಒಳ್ಳೆಯದು. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂಗೆ ಮೂವತ್ತರ ಹೊತ್ತಿಗೆ ಟೈಪ್-1 ಬಂದು, ಆಮೇಲೂ ವರ್ಷಗಟ್ಟಲೆ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದರು ಎಂಬುದು ಹುಡುಗರ ಗುಂಪಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಮಾತು. ಪಕ್ಕದ ಹಾಸಿಗೆಯ ಗೆಳೆಯನಿಗೆ ಸಕ್ಕರೆ ಕುಸಿತದ ಗುರುತುಗಳು ಗೊತ್ತಿದ್ದರೆ ವಾರ್ಡನ್‌ಗಿಂತ ಮೊದಲು ಅವನೇ ಕಂಡುಹಿಡಿಯುತ್ತಾನೆ. ನಾಗಪುರದ ಡ್ರೀಮ್ ಟ್ರಸ್ಟ್, ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಉಡಾನ್, ಬೆಂಗಳೂರಿನ ಜ್ಞಾನ ಸಂಜೀವಿನಿಯಂಥ ಸಂಸ್ಥೆಗಳು ಟೈಪ್-1 ಮಕ್ಕಳಿಗಾಗಿ ವರ್ಷಗಳಿಂದ ದುಡಿಯುತ್ತಿವೆ. ತನ್ನಂತೆಯೇ ಚುಚ್ಚಿಕೊಳ್ಳುವ ಇನ್ನೊಂದು ಮಗುವನ್ನು ಒಮ್ಮೆ ಕಂಡ ಮಗುವಿಗೆ ಬೇರೆ ಶಿಬಿರಗಳೂ ಹಗುರ ಎನಿಸುತ್ತವೆ.

ವಾಂತಿ, ಜ್ವರ ಬಂದರೆ ಏನು ಮಾಡಬೇಕೆಂದು ಹಾಳೆಯಲ್ಲಿ ಇನ್ನೊಂದು ಸಾಲು ಇರಬೇಕು. ಊಟ ಮಾಡದಿದ್ದರೂ ದೀರ್ಘಕಾಲದ ಇನ್ಸುಲಿನ್ ನಿಲ್ಲಿಸಬಾರದು, ಡೋಸಿಗಾಗಿ ವೈದ್ಯರಿಗೆ ಫೋನು ಮಾಡಬೇಕು. ಸಕ್ಕರೆ 250 ದಾಟಿ ಇಳಿಯದಿದ್ದರೆ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರುವ ಆಮ್ಲ) ಪರೀಕ್ಷೆ. ಕೀಟೋನ್ ಇದ್ದು ವಾಂತಿಯೂ ಇದ್ದರೆ, ಅಥವಾ ಉಸಿರು ಆಳವಾಗಿ ಬೇಗಬೇಗ ಓಡುತ್ತಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ.

ಶಿಬಿರಕ್ಕೆ ಸೂಜಿ ಒಯ್ಯಬೇಕಾದವರು ಮಧುಮೇಹದ ಮಕ್ಕಳಷ್ಟೇ ಅಲ್ಲ. ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ದಿನವೂ ತೆಗೆದುಕೊಳ್ಳುವ ಮಕ್ಕಳ ಕತೆ ಇಷ್ಟು ಕಟ್ಟುನಿಟ್ಟಲ್ಲ. ಅದಕ್ಕೂ ಫ್ರಿಜ್ ಬೇಕು, ಚುಚ್ಚುವುದು ರಾತ್ರಿ ಮಲಗುವ ಮೊದಲು. ಒಂದು ರಾತ್ರಿ ತಪ್ಪಿದರೆ ಇನ್ಸುಲಿನ್ ತಪ್ಪಿದಂತೆ ಅನಾಹುತವಾಗದು. ಚಿಕ್ಕ ಶಿಬಿರಕ್ಕೆ ವೈದ್ಯರು ಕೆಲವು ದಿನ ಬಿಡುವು ಕೊಟ್ಟರೂ ಕೊಟ್ಟಾರು. ಹಿಮೊಫಿಲಿಯಾ ಇರುವ ಮಕ್ಕಳಿಗೆ ಫ್ಯಾಕ್ಟರ್ ಇಂಜೆಕ್ಷನ್ ರಕ್ತನಾಳಕ್ಕೇ ಹೋಗಬೇಕಾದ್ದರಿಂದ ತರಬೇತಿ ಇನ್ನೂ ಹೆಚ್ಚು ಬೇಕು. ಕರ್ನಾಟಕದವರು ಅದಕ್ಕೆ ದಾವಣಗೆರೆಯ ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯನ್ನು ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೊಫಿಲಿಯಾ, ಥಲಸೀಮಿಯಾ ಇವೆ, ಟೈಪ್-1 ಮಧುಮೇಹ ಇಲ್ಲ. ಇದು ಸರಿಯಾಗಬೇಕಾದ ಕೊರತೆ.

ಶಿಬಿರ ಮುಗಿದು ಮಧುಮೇಹದ ಮಗು ಮನೆಗೆ ಬಂದ ಕೂಡಲೇ ಹಳೆಯ ಡೋಸಿಗೆ ಮರಳಬಾರದು. ದಣಿದ ಸ್ನಾಯುಗಳ ಪರಿಣಾಮ ಇನ್ನೂ ಒಂದೆರಡು ದಿನ ಉಳಿದಿರುತ್ತದೆ. ಮೊದಲ ಎರಡು ರಾತ್ರಿ ಅಮ್ಮ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಬೆರಳು ನೋಡಬೇಕು. ಸಂಖ್ಯೆ ಮೇಲೇರತೊಡಗಿದ ಮೇಲೆ, ವೈದ್ಯರನ್ನು ಕೇಳಿ ಡೋಸನ್ನು ಸ್ವಲ್ಪಸ್ವಲ್ಪವಾಗಿ ಏರಿಸುವುದು. ಶಿಬಿರದ ನೋಟ್‌ಬುಕ್ಕನ್ನು ಮುಂದಿನ ಭೇಟಿಗೆ ಒಯ್ಯಬೇಕು. ಓಡಿಯಾಡಿದ ದಿನ ಈ ಮಗುವಿಗೆ ಎಷ್ಟು ಇನ್ಸುಲಿನ್ ಸಾಕು ಎಂಬುದು ಅದರಲ್ಲಿ ದಿನದಿನವಾಗಿ ಬರೆದಿರುತ್ತದೆ, ಶಾಲೆಯ ಕ್ರೀಡಾದಿನಕ್ಕೂ ಮುಂದಿನ ಪ್ರವಾಸಕ್ಕೂ ವೈದ್ಯರು ಲೆಕ್ಕ ಹಾಕುವುದು ಅಲ್ಲಿಂದಲೇ.